ದಳ್ಳಾಳಿಯಿಲ್ಲದ ಪೇಟೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಕಂಡವರು ಟವಲಿನ ವ್ಯಾಪಾರವನ್ನೂ ಕಂಡೇ ಇರುತ್ತಾರೆ. ಎತ್ತಿನ ಒಡೆಯ ಒಂದು ಕಡೆ, ಕೊಳ್ಳಬಂದ ರೈತ ಇನ್ನೊಂದು ಕಡೆ, ನಡುವೆ ದಳ್ಳಾಳಿ. ಹೆಗಲ ಮೇಲಿನ ಟವಲು ಕೈಗಳ ಮೇಲೆ ಬಿದ್ದಿತೆಂದರೆ ಬಾಯಿಗೆ ಬಿಡುವು. ಮುಂದಿನ ಮಾತೆಲ್ಲ ಬೆರಳುಗಳದು. ಹಿಡಿದ ಬೆರಳೆಷ್ಟು, ಅದರ ಬೆಲೆಯೆಷ್ಟು ಎಂಬುದು ಆ ಕೈಗಳಿಗೆ ಗೊತ್ತೇ ಹೊರತು ಸುತ್ತ ನೆರೆದವರಿಗೆ ತಿಳಿಯದು. ವ್ಯಾಪಾರ ಕುದುರಿದ ಮೇಲೆ ದಳ್ಳಾಳಿಗೆ ಸಲ್ಲಬೇಕಾದುದು ಸಲ್ಲುತ್ತದೆ. ಕುದುರಿಸಿದ ಶ್ರಮಕ್ಕೆ ಅದು ನ್ಯಾಯವೇ ಸರಿ.

ಷೇರುಪೇಟೆಯೂ ಬಹುಕಾಲ ಹೀಗೆ ಟವಲಿನ ಮರೆಯ ವ್ಯಾಪಾರದಂತೆಯೇ ಇದ್ದಿತು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಗಾಗಲಿ, ದೇವನಹಳ್ಳಿ, ಹೊಸಕೋಟೆಗಳ ಉಪಾಧ್ಯಾಯರಿಗಾಗಲಿ, ನೆಲಮಂಗಲದ ಗುಮಾಸ್ತರಿಗಾಗಲಿ ಅದು ದೂರದ ಊರಿನ ದೊಡ್ಡವರ ಆಟ. ಉಳಿತಾಯವೆಂದರೆ ಅಂಚೆ ಕಚೇರಿ, ಚೀಟಿ, ಚಿನ್ನ; ಕೈ ಕೂಡಿದರೆ ಒಂದು ಸೈಟು. ಈಗ ಟವಲು ಜಾರಿದೆ. ಅಂಗೈಯಗಲದ ಮೊಬೈಲಿನಲ್ಲಿ ಸಾವಿರಾರು ಕಂಪೆನಿಗಳ ಬೆಲೆ ಕ್ಷಣಕ್ಷಣಕ್ಕೂ ಬಹಿರಂಗ. ಕೊಳ್ಳಲು ಒಂದು ಬೆರಳು ಸಾಕು, ಮಾರಲು ಮತ್ತೊಂದು. 2020ರ ಮಾರ್ಚ್ ಅಂತ್ಯಕ್ಕೆ ದೇಶದಲ್ಲಿ ಸುಮಾರು 4 ಕೋಟಿಯಿದ್ದ ಡಿಮ್ಯಾಟ್ ಖಾತೆಗಳು 2025ರ ಆಗಸ್ಟ್ ವೇಳೆಗೆ 20 ಕೋಟಿಯನ್ನು ದಾಟಿದವು. ಇದಕ್ಕೆಲ್ಲ ಮುಖ್ಯ ಆಕರ್ಷಣೆಗಳಲ್ಲೊಂದು, ‘ದಳ್ಳಾಳಿ ಹಣ ಸೊನ್ನೆ’ ಎಂಬ ಘೋಷಣೆ.

ಸೊನ್ನೆಯೆಂಬುದು ನಿಜವೆ? ನಿಜವಾದರೆ, ಆ ಆ್ಯಪ್‌ಗಳನ್ನು ನಡೆಸುವ ಕಂಪೆನಿಗಳಿಗೆ ಅನ್ನ ಹುಟ್ಟುವುದೆಲ್ಲಿಂದ? ಹೊಸದಾಗಿ ಹಣ ಹಾಕಹೊರಡುವ ಗೃಹಸ್ಥರು ‘ಯಾವ ಷೇರು ಕೊಳ್ಳಲಿ’ ಎಂದು ಕೇಳುವುದಕ್ಕೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಜೆ. ಸಿ. ರಸ್ತೆಯ ಕಾಲ

ಬೆಂಗಳೂರಿಗೂ ತನ್ನದೇ ಆದ ಷೇರು ವಿನಿಮಯ ಕೇಂದ್ರವೊಂದಿತ್ತೆಂಬುದು ಇಂದಿನ ಎಷ್ಟೋ ಮಂದಿಗೆ ಗೊತ್ತಿರಲಾರದು. 1963ರಲ್ಲಿ ಸ್ಥಾಪನೆಯಾದ ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜಿನ ವಹಿವಾಟು ಜೆ. ಸಿ. ರಸ್ತೆಯ ಬಳಿಯ ಕಟ್ಟಡದಲ್ಲಿ ನಡೆಯುತ್ತಿತ್ತು. ಷೇರೆಂದರೆ ಆಗ ಕಾಗದ. ಕೊಳ್ಳಬೇಕೆಂದವನು ದಳ್ಳಾಳಿಯನ್ನು ಹುಡುಕಬೇಕು. ಅವನು ಹೇಳಿದ ಬೆಲೆಯನ್ನು ನಂಬಬೇಕು. ಷೇರುಪತ್ರ ಕೈಗೆ ಬಂದ ಮೇಲೆ ವರ್ಗಾವಣೆಯ ಪತ್ರಕ್ಕೆ ಸಹಿ ಹಾಕಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಂಪೆನಿಗೆ ಕಳುಹಿಸಬೇಕು. ಮಾರಿದವರ ಸಹಿ ಹಿಂದಿನ ಸಹಿಗೆ ಹೊಂದದಿದ್ದರೆ ಇಡೀ ಲಕೋಟೆ ಮರಳಿ ಬರುತ್ತಿತ್ತು. ದೊಡ್ಡಬಳ್ಳಾಪುರದಿಂದ ಬಸ್ಸು ಹತ್ತಿ ಬಂದು ಈ ಎಲ್ಲ ಉಪದ್ವ್ಯಾಪಗಳನ್ನು ಮಾಡಿಕೊಂಡು ಹತ್ತು ಷೇರು ಕೊಳ್ಳುವ ಸಾಹಸವನ್ನು ಯಾರು ತಾನೆ ಮಾಡಿಯಾರು?

1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಕಂಪ್ಯೂಟರಿನ ಪರದೆಯ ಮೇಲೆ ವ್ಯಾಪಾರವನ್ನು ಆರಂಭಿಸಿತು. 1996ರ ಡಿಪಾಸಿಟರಿ ಕಾಯಿದೆಯಿಂದ ಕಾಗದದ ಷೇರು ಲೆಕ್ಕದ ಪುಸ್ತಕದಲ್ಲಿನ ಅಂಕಿಯಾಯಿತು. ಮುಂಬಯಿಯ ಬೆಲೆ ಎಲ್ಲೆಡೆಯೂ ಕಾಣತೊಡಗಿದ ಮೇಲೆ ಊರೂರಿನ ಕೇಂದ್ರಗಳಿಗೆ ಕೆಲಸವುಳಿಯಲಿಲ್ಲ. 2014ರ ಡಿಸೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು ಬೆಂಗಳೂರು ಕೇಂದ್ರದ ನಿರ್ಗಮನಕ್ಕೆ ಆದೇಶವಿತ್ತಿತು.

ಆದರೆ ಅದೇ ಬೆಂಗಳೂರಿನಲ್ಲಿ, 2010ರ ಆಗಸ್ಟ್ 15ರಂದು, ಕಾಮತ್ ಸೋದರರಾದ ನಿತಿನ್ ಮತ್ತು ನಿಖಿಲ್ ಅವರು ಜೆರೋಧ ಎಂಬ ಸಂಸ್ಥೆಯನ್ನು ಆರಂಭಿಸಿದ್ದರು. ಇಂಗ್ಲಿಷಿನ ‘ಜೀರೊ’ವಿಗೆ ಸಂಸ್ಕೃತದ ‘ರೋಧ’ವನ್ನು ಕೂಡಿಸಿದ ಹೆಸರು, ಅಡ್ಡಿಯಿಲ್ಲದ್ದು ಎಂದು ಅರ್ಥ. ವ್ಯಾಕರಣ ಪಂಡಿತರು ಈ ಸಮಾಸವನ್ನು ಒಪ್ಪುವರೋ ಇಲ್ಲವೋ, ಜನರಂತೂ ಒಪ್ಪಿದರು. ಅಲ್ಲಿಯವರೆಗೆ ಅನೇಕ ದಳ್ಳಾಳಿ ಸಂಸ್ಥೆಗಳು ನೂರು ರೂಪಾಯಿಯ ವ್ಯಾಪಾರಕ್ಕೆ ಅರ್ಧ ರೂಪಾಯಿಯವರೆಗೆ ರುಸುಮು ಪಡೆಯುತ್ತಿದ್ದವು. ಹೊಸ ಸಂಸ್ಥೆ ವ್ಯಾಪಾರ ಎಷ್ಟೇ ದೊಡ್ಡದಾದರೂ ಗರಿಷ್ಠ 20 ರೂಪಾಯಿ ಎಂದಿತು. 2015ರ ಡಿಸೆಂಬರಿನಲ್ಲಿ, ಷೇರನ್ನು ಕೊಂಡು ಇಟ್ಟುಕೊಳ್ಳುವವರಿಗೆ ಆ ರುಸುಮನ್ನೂ ತೆಗೆದುಹಾಕಿತು. ಆ ಮೇಲೆ ಇಂಥ ಹಲವು ಆ್ಯಪ್‌ಗಳು ಹುಟ್ಟಿಕೊಂಡಿವೆ. ಕೆಲವದರಲ್ಲಿ ಈ ರುಸುಮು ಉಂಟು, ಕೆಲವದರಲ್ಲಿ ಇಲ್ಲ. ದರಪಟ್ಟಿ ಬದಲಾಗುತ್ತಿರುವುದರಿಂದ ಖಾತೆ ತೆರೆಯುವ ದಿನ ಅದನ್ನೊಮ್ಮೆ ಓದುವುದು ಲೇಸು.

ಅಂಗಡಿ ಬೇರೆ, ಉಗ್ರಾಣ ಬೇರೆ

ಖಾತೆ ತೆರೆಯುವುದು ಇಂದು ಕಷ್ಟದ ಮಾತಲ್ಲ. ಪ್ಯಾನ್ ಕಾರ್ಡು, ಆಧಾರ್ ಜೊತೆ ಜೋಡಿಸಿದ ಮೊಬೈಲು ಸಂಖ್ಯೆ, ಸ್ವಂತ ಹೆಸರಿನ ಬ್ಯಾಂಕು ಖಾತೆ, ಬಿಳಿಯ ಕಾಗದದ ಮೇಲೊಂದು ಸಹಿ, ಕ್ಯಾಮೆರಾದ ಮುಂದೆ ತೋರಿಸಲೊಂದು ಮುಖ ಇವಿಷ್ಟಿದ್ದರೆ ಮನೆಯಲ್ಲಿ ಕುಳಿತೇ ಅರ್ಜಿ ತುಂಬಬಹುದು. ಹೀಗೆ ತೆರೆಯುವುದು ಒಂದಲ್ಲ, ಎರಡು ಖಾತೆ. ಕೊಳ್ಳುವ ಮಾರುವ ಆಜ್ಞೆ ಕೊಡಲು ಟ್ರೇಡಿಂಗ್ ಖಾತೆ. ಕೊಂಡ ಷೇರುಗಳನ್ನು ಇಡಲು ಡಿಮ್ಯಾಟ್ ಖಾತೆ. ಈ ವ್ಯತ್ಯಾಸವನ್ನು ಚೆನ್ನಾಗಿ ಮನಗಾಣಬೇಕು. ಆ್ಯಪ್ ಎಂಬುದು ಅಂಗಡಿ ಮಾತ್ರ. ಸರಕಿರುವ ಉಗ್ರಾಣ ಬೇರೆ. ದೇಶದಲ್ಲಿ ಇಂಥ ಉಗ್ರಾಣಗಳು ಎರಡೇ: ಎನ್.ಎಸ್.ಡಿ.ಎಲ್. ಮತ್ತು ಸಿ.ಡಿ.ಎಸ್.ಎಲ್. ಅಂಗಡಿ ನಾಳೆ ಬಾಗಿಲು ಹಾಕಿದರೂ ಉಗ್ರಾಣದಲ್ಲಿ ಕೊಂಡವರ ಹೆಸರಿನಲ್ಲಿರುವ ಷೇರು ಅವರದೇ. ಸೋಮವಾರ ಕೊಂಡ ಷೇರು ರಜೆಯಿಲ್ಲದಿದ್ದರೆ ಮಂಗಳವಾರ ಉಗ್ರಾಣ ಸೇರುತ್ತದೆ. 2023ರ ಜನವರಿಯ ಕೊನೆಯಿಂದ ಎಲ್ಲ ಷೇರುಗಳಿಗೂ ಇದೇ ಕ್ರಮ. ಒಂದೇ ಡಿಮ್ಯಾಟ್ ಖಾತೆಯುಳ್ಳ ಸಣ್ಣ ಹೂಡಿಕೆದಾರರಿಗೆ, 4 ಲಕ್ಷ ರೂಪಾಯಿಯ ಮೌಲ್ಯದವರೆಗೆ ವಾರ್ಷಿಕ ಶುಲ್ಕವಿಲ್ಲದ ಮೂಲಭೂತ ಖಾತೆಯ ಸೌಲಭ್ಯವೂ 2024ರ ಸೆಪ್ಟೆಂಬರಿನಿಂದ ಉಂಟು. 

ಈಗ ಸೊನ್ನೆಯ ಲೆಕ್ಕಕ್ಕೆ ಬರೋಣ. ದೊಡ್ಡಬಳ್ಳಾಪುರದ ದಂಪತಿಗಳು ಸೀರೆ ಮಾರಿದ ಹಣದಲ್ಲಿ 10,000 ರೂಪಾಯಿ ಉಳಿಸಿ ಷೇರು ಕೊಂಡರೆಂದು ಭಾವಿಸಿ. ದಳ್ಳಾಳಿ ಹಣ ಇಲ್ಲ. ಆದರೆ ಸರ್ಕಾರದ ವ್ಯವಹಾರ ತೆರಿಗೆ ನೂರಕ್ಕೆ 10 ಪೈಸೆಯಂತೆ 10 ರೂಪಾಯಿ. ಮುದ್ರಾಂಕ ಶುಲ್ಕ ಒಂದೂವರೆ ರೂಪಾಯಿ. ವಿನಿಮಯ ಕೇಂದ್ರದ ಶುಲ್ಕ, ಅದರ ಮೇಲಿನ ಜಿ.ಎಸ್.ಟಿ. ಎಲ್ಲ ಸೇರಿ ಕೆಲವು ಪೈಸೆ. ಕೊಳ್ಳುವಾಗ ಒಟ್ಟು ಸುಮಾರು 12 ರೂಪಾಯಿ. ಮಾರುವಾಗ ಮತ್ತೆ 10 ರೂಪಾಯಿ ತೆರಿಗೆ. ಅದರ ಜೊತೆಗೆ ಉಗ್ರಾಣದಿಂದ ಸರಕು ಹೊರತೆಗೆದ ಕೂಲಿಯೆಂದು ಸುಮಾರು 15 ರೂಪಾಯಿ. ಹೋಗಿ ಬರುವ ಖರ್ಚು 40 ರೂಪಾಯಿಯೊಳಗೆ. ಹತ್ತು ಸಾವಿರಕ್ಕೆ ಇದು ಹೆಚ್ಚಲ್ಲ. ಆದರೆ ಅದೇ ದಂಪತಿಗಳು ಕೇವಲ 1,000 ರೂಪಾಯಿಯ ಷೇರು ಕೊಂಡು ಮಾರಿದರೆ? ತೆರಿಗೆ ಹತ್ತನೆಯ ಒಂದಂಶಕ್ಕೆ ಇಳಿಯುತ್ತದೆ, ಉಗ್ರಾಣದ ಕೂಲಿ ಮಾತ್ರ ಇಳಿಯುವುದಿಲ್ಲ. ಖರ್ಚು 17 ರೂಪಾಯಿ ದಾಟುತ್ತದೆ; ಎಂದರೆ ನೂರಕ್ಕೆ ಒಂದೂ ಮುಕ್ಕಾಲು. ಅರ್ಧ ವರ್ಷದ ಉಳಿತಾಯ ಖಾತೆಯ ಬಡ್ಡಿಯೇ ಒಂದು ಮಾರಾಟದಲ್ಲಿ ಹೋದಂತಾಯಿತು! ಲಾಭ ಬಂದರೆ ವರಮಾನ ತೆರಿಗೆಯೂ ಉಂಟು. 2024ರ ಜುಲೈ 23ರಿಂದ ಇರುವ ದರದಂತೆ, ಒಂದು ವರ್ಷದೊಳಗೆ ಮಾರಿದರೆ ಲಾಭದ ನೂರಕ್ಕೆ 20. ವರ್ಷ ಕಳೆದು ಮಾರಿದರೆ ಆರ್ಥಿಕ ವರ್ಷವೊಂದರ ಮೊದಲ 1.25 ಲಕ್ಷ ರೂಪಾಯಿ ಲಾಭವನ್ನು ಬಿಟ್ಟು ಉಳಿದುದರ ಮೇಲೆ ನೂರಕ್ಕೆ 12.5. ಕೊಂಡದ್ದನ್ನು ಕೆದಕದೆ ಇಟ್ಟುಕೊಂಡವರ ಕಡೆಗೆ ಲೆಕ್ಕವೆಲ್ಲ ಹೀಗೆ ವಾಲುತ್ತದೆ.

ಎರಡನೆಯ ಬಾಗಿಲು

ಹಾಗಾದರೆ ಆ್ಯಪ್ ಕಂಪೆನಿಗೆ ವರಮಾನವೆಲ್ಲಿಂದ? ಉತ್ತರ ಅದೇ ಆ್ಯಪಿನ ಇನ್ನೊಂದು ಬಾಗಿಲಿನಲ್ಲಿದೆ. ಅರ್ಜಿ ತುಂಬುವಾಗಲೋ ಅನಂತರವೋ, ‘ಫ್ಯೂಚರ್ಸ್ ಮತ್ತು ಆಪ್ಷನ್ಸ್ ಬೇಕೆ? ವರಮಾನದ ದಾಖಲೆ ಲಗತ್ತಿಸಿ’ ಎಂಬ ಪ್ರಶ್ನೆ ಬರುತ್ತದೆ. ಬಡಪಾಯಿ ಅರ್ಜಿದಾರನು ಇದೂ ಒಂದು ಸೌಕರ್ಯವೆಂದು ಒಪ್ಪಿಬಿಡುತ್ತಾನೆ.

ಆಪ್ಷನ್ ಎಂದರೇನು? ದೇವನಹಳ್ಳಿಯ ಚಕ್ಕೋತದ ತೋಟವೊಂದನ್ನು ನೆನೆಯಿರಿ. ವ್ಯಾಪಾರಿಯೊಬ್ಬ ತೋಟದವನಿಗೆ ಸಂಚಕಾರ ಕೊಟ್ಟು, ‘ಮುಂದಿನ ಗುರುವಾರದೊಳಗೆ ಹಣ್ಣಿಗೆ ಇಷ್ಟು ಬೆಲೆಯಂತೆ ನಾನೇ ಕೊಳ್ಳುವ ಹಕ್ಕಿರಲಿ’ ಎನ್ನುತ್ತಾನೆ. ಪೇಟೆಯ ಬೆಲೆ ಏರಿದರೆ ಅವನಿಗೆ ಲಾಭ. ಏರದಿದ್ದರೆ ಸಂಚಕಾರ ಹೋಯಿತು; ಕೈಗೆ ಒಂದು ಹಣ್ಣೂ ಇಲ್ಲ. ಆಪ್ಷನ್ ಕೊಳ್ಳುವವನು ಕೊಡುವುದು ಇಂಥ ಸಂಚಕಾರವನ್ನೇ. ಕನ್ನಡದಲ್ಲಿ ಈ ಪದಕ್ಕೆ ಮುಂಗಡವೆಂದೂ ಕೇಡೆಂದೂ ಎರಡರ್ಥ ಬೆಳೆದುಬಂದದ್ದು ಸುಮ್ಮನೆ ಇರಲಾರದು. ಸಂಚಕಾರ ಪಡೆದ ಕಡೆಯವನ ಸ್ಥಿತಿ ಇನ್ನೂ ಅಪಾಯದ್ದು. ಬೆಲೆ ಮಿತಿಮೀರಿ ಏರಿದರೆ ಅವನ ನಷ್ಟಕ್ಕೆ ಮಿತಿಯಿಲ್ಲ.

ಈ ಬಾಗಿಲಿನೊಳಗೆ ಹೋದವರ ಗತಿಯನ್ನು ಸೆಬಿಯೇ ಲೆಕ್ಕ ಹಾಕಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. 2022ರ ಮಾರ್ಚ್‌ಗೆ ಮುಗಿದ ವರ್ಷದಿಂದ 2024ರ ಮಾರ್ಚ್‌ಗೆ ಮುಗಿದ ವರ್ಷದವರೆಗಿನ ಮೂರು ವರ್ಷಗಳಲ್ಲಿ ಈ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳ ಪೈಕಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ. ಖರ್ಚೂ ಸೇರಿ ತಲೆಗೆ ಸರಾಸರಿ ಸುಮಾರು 2 ಲಕ್ಷ. ಅಂಥವರಲ್ಲಿ ಮುಕ್ಕಾಲು ಪಾಲು ಜನರು ಘೋಷಿಸಿದ್ದ ವಾರ್ಷಿಕ ವರಮಾನ 5 ಲಕ್ಷಕ್ಕಿಂತ ಕಡಿಮೆ. ನೂರಕ್ಕೆ 72ರಷ್ಟು ಮಂದಿ ದೇಶದ ಮೊದಲ ಮೂವತ್ತು ದೊಡ್ಡ ನಗರಗಳ ಹೊರಗಿನವರು. ಮೂವತ್ತು ವರ್ಷದೊಳಗಿನ ತರುಣರ ಪಾಲು ಒಂದೇ ವರ್ಷದಲ್ಲಿ ನೂರಕ್ಕೆ 31ರಿಂದ 43ಕ್ಕೆ ಏರಿತ್ತು. ಎಂದರೆ ಈ ಅಂಕಿಗಳಲ್ಲಿರುವುದು ಮುಂಬಯಿಯ ಲಕ್ಷಾಧೀಶರಲ್ಲ. ತಾಲ್ಲೂಕು ಕೇಂದ್ರಗಳ ಹುಡುಗರು, ಕೈಗಾರಿಕಾ ಪ್ರದೇಶಗಳ ನೌಕರರು, ಈಗಷ್ಟೆ ಮೊದಲ ಸಂಬಳ ಕಂಡವರು.

ಗೆದ್ದವರು ಯಾರು? ವಿದೇಶೀ ಸಂಸ್ಥೆಗಳು ಮತ್ತು ಸ್ವಂತ ಹಣದಿಂದಲೇ ವ್ಯಾಪಾರ ನಡೆಸುವ ದೊಡ್ಡ ದಳ್ಳಾಳಿ ಸಂಸ್ಥೆಗಳು. ಅವುಗಳ ಲಾಭದ ನೂರಕ್ಕೆ 95ಕ್ಕಿಂತ ಹೆಚ್ಚಿನ ಭಾಗವನ್ನು ದುಡಿದದ್ದು ಮನುಷ್ಯರಲ್ಲ, ಗಣಕಯಂತ್ರಗಳು. ಹೊಸಕೋಟೆಯ ಬಸ್ ನಿಲ್ದಾಣದಲ್ಲಿ ನಿಂತು ಬೆರಳೊತ್ತುವ ತರುಣನ ಎದುರು ಕುಳಿತಿರುವವನು ಇನ್ನೊಬ್ಬ ತರುಣನಲ್ಲ. ಕಣ್ಣೆವೆಯಿಕ್ಕುವುದರೊಳಗೆ ಸಾವಿರ ಲೆಕ್ಕ ಮಾಡುವ ಯಂತ್ರ. ಇದನ್ನು ಪಂದ್ಯವೆನ್ನುವುದು ಹೇಗೆ?

ಆ ಮೂರು ವರ್ಷಗಳಲ್ಲಿ ವ್ಯಕ್ತಿಗಳು ವ್ಯವಹಾರದ ಖರ್ಚಿಗೆಂದೇ ತೆತ್ತ ಹಣ ಸುಮಾರು 50,000 ಕೋಟಿ ರೂಪಾಯಿ. ಅದರ ಅರ್ಧಕ್ಕೂ ತುಸು ಹೆಚ್ಚು ದಳ್ಳಾಳಿ ರುಸುಮು. ಸೊನ್ನೆಯ ಗುಟ್ಟು ಇಲ್ಲಿ ಬಯಲಾಗುತ್ತದೆ. ಕೊಂಡು ಇಟ್ಟುಕೊಳ್ಳುವವರಿಗೆ ಉಚಿತ ಊಟ ಹಾಕುತ್ತಿರುವುದು ಎರಡನೆಯ ಬಾಗಿಲಿನೊಳಗೆ ದಿನವೂ ಇಪ್ಪತ್ತು ಇಪ್ಪತ್ತು ರೂಪಾಯಿ ತೆತ್ತು ಸೋಲುತ್ತಿರುವ ಜನ. ಇದು ಯಾರೋ ಹೊರಿಸಿದ ಅಪವಾದವಲ್ಲ. ವಿನಿಮಯ ಕೇಂದ್ರಗಳ ಶುಲ್ಕದ ಬಗ್ಗೆ ಸೆಬಿ 2024ರ ಜುಲೈನಲ್ಲಿ ಹೊಸ ನಿಯಮ ತಂದಾಗ, ಈ ವ್ಯವಹಾರದ ವರಮಾನದಿಂದಲೇ ಉಳಿದವರಿಗೆ ಉಚಿತ ಸೇವೆ ಸಾಧ್ಯವಾಗಿದೆಯೆಂದು ನಿತಿನ್ ಕಾಮತ್ ಅವರೇ ಮುಚ್ಚುಮರೆಯಿಲ್ಲದೆ ಬರೆದರು. ಆ ನೇರ ಮಾತನ್ನು ಮೆಚ್ಚಬೇಕು; ಮೆಚ್ಚಿ, ಎಚ್ಚರವನ್ನೂ ವಹಿಸಬೇಕು.

2024ರ ನವೆಂಬರಿನಿಂದ ಸೆಬಿಯು ಈ ಬಾಗಿಲನ್ನು ಸ್ವಲ್ಪ ಕಿರಿದುಗೊಳಿಸಿತು. ಸೂಚ್ಯಂಕದ ಒಂದೊಂದು ಒಪ್ಪಂದದ ಕನಿಷ್ಠ ಮೌಲ್ಯ 15 ಲಕ್ಷವಾಯಿತು. ವಾರಕ್ಕೊಮ್ಮೆ ಮುಗಿಯುವ ಒಪ್ಪಂದಗಳು ವಿನಿಮಯ ಕೇಂದ್ರಕ್ಕೆ ಒಂದು ಸೂಚ್ಯಂಕದವಷ್ಟೇ ಉಳಿದವು. ಆದರೂ 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಸೋತವರು ನೂರಕ್ಕೆ 91! ಬೆಳಗ್ಗೆ ಕೊಂಡು ಸಂಜೆಯೊಳಗೆ ಮಾರುವ ‘ಇಂಟ್ರಾಡೇ’ಯ ಕಥೆಯೂ ಬಹಳ ಬೇರೆಯಲ್ಲ, 2023ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಅದರಲ್ಲಿ ಹತ್ತಕ್ಕೆ ಏಳು ಮಂದಿ ಸೋತಿದ್ದರು. ಆದುದರಿಂದ ಮೊದಲ ಬಾರಿಗೆ ಆ್ಯಪ್ ತೆರೆದವರು ‘ಡೆಲಿವರಿ’ ಎಂಬ ಒಂದು ಮಾತನ್ನು ಕಲಿತರೆ ಸದ್ಯಕ್ಕೆ ಸಾಕು. ‘ಇಂಟ್ರಾಡೇ’ ಎಂಬುದರ ಮೇಲೆ ಬೆರಳು ಬೀಳದಿರಲಿ. ಎರಡನೆಯ ಬಾಗಿಲಿಗೆ ಬೀಗ ಬಿದ್ದೇ ಇರಲಿ.

ಮಣ್ಣು ಮಾರಿದ ಹಣ

ಈ ಮಾತು ಬೆಂಗಳೂರು ಗ್ರಾಮಾಂತರಕ್ಕೆ ವಿಶೇಷವಾಗಿ ಸಲ್ಲುವುದಕ್ಕೆ ಕಾರಣವಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಯಿತು. ಅದರ ಹಿಂದೆ ಮುಂದೆ ಕೈಗಾರಿಕಾ ಪ್ರದೇಶಗಳು, ಹೆದ್ದಾರಿಗಳು, ಬಡಾವಣೆಗಳು ಬಂದವು. ರಾಗಿ ಬೆಳೆದ, ಹಿಪ್ಪುನೇರಳೆ ಬೆಳೆದ ಭೂಮಿಗೆ ಬದಲಾಗಿ ಎಷ್ಟೋ ಮನೆಗಳಿಗೆ ಒಂದೇ ಕಂತಿನಲ್ಲಿ ದೊಡ್ಡ ಹಣ ಬಂದಿದೆ. ಸಂಬಳ ಈ ತಿಂಗಳು ಕಳೆದರೆ ಮುಂದಿನ ತಿಂಗಳು ಬಂದೀತು. ಮಾರಿದ ಮಣ್ಣು ಮತ್ತೆ ಬಾರದು. ಅಂಥ ಹಣವನ್ನು ಒಂದೇ ದಿನ, ಒಂದೇ ಷೇರಿಗೆ, ಯಾರದೋ ಪಿಸುಮಾತು ಕೇಳಿ ಹಾಕುವುದು ಅವಿವೇಕ. ಮಕ್ಕಳ ಶಾಲೆಯ ಶುಲ್ಕ, ಮದುವೆಯ ಖರ್ಚು, ಆಸ್ಪತ್ರೆಗೆಂದಿಟ್ಟದ್ದು ಯಾವುದನ್ನೂ ಷೇರುಪೇಟೆಯ ಹತ್ತಿರ ತರಬಾರದು. ಐದಾರು ವರ್ಷ ಬೇಡವೆನ್ನಬಹುದಾದ ಹಣ ಮಾತ್ರ ಅಲ್ಲಿಗೆ ಯೋಗ್ಯ.

ಏಕೆಂದರೆ ಪೇಟೆ ಬೀಳುತ್ತದೆ. 2020ರ ಜನವರಿಯಲ್ಲಿ 42,000ದ ಸುತ್ತ ಇದ್ದ ಸೆನ್ಸೆಕ್ಸ್, ಕೊರೋನಾ ಭಯದಲ್ಲಿ ಮಾರ್ಚ್ 23ರಂದು ಒಂದೇ ದಿನ 3,934 ಅಂಕ ಕುಸಿದು 26,000ಕ್ಕಿಂತ ಕೆಳಗಿಳಿಯಿತು. ಅಂದು ಹೆದರಿ ಮಾರಿದವರು ನಷ್ಟವನ್ನು ಶಾಶ್ವತ ಮಾಡಿಕೊಂಡರು. ಸುಮ್ಮನಿದ್ದವರು ಅದೇ ವರ್ಷದ ಕೊನೆಗೆ ಸೂಚ್ಯಂಕ 47,000 ದಾಟಿದ್ದನ್ನು ಕಂಡರು. ಸುಮ್ಮನಿರಲು ಸಾಧ್ಯವಾದದ್ದು ಮರುದಿನದ ಅಕ್ಕಿಗೆ ಆ ಹಣ ಬೇಡವಾಗಿದ್ದವರಿಗೆ.

ಹಾಗೆಂದು ಇಟ್ಟುಕೊಂಡದ್ದೆಲ್ಲ ಬಂಗಾರವಾಗುವುದೂ ಇಲ್ಲ. ಬೆಂಗಳೂರಿನ ಇನ್ಫೋಸಿಸ್ 1993ರಲ್ಲಿ 95 ರೂಪಾಯಿಗೊಂದರಂತೆ ಸಾರ್ವಜನಿಕರಿಗೆ ಷೇರು ನೀಡಿತು. ಆಗ ಕೇಳುವವರೇ ಕಡಿಮೆ. ಅಂದು 9,500 ರೂಪಾಯಿ ಕೊಟ್ಟು 100 ಷೇರು ಕೊಂಡು ಅಲುಗಾಡದೆ ಕುಳಿತವರ ಬಳಿ, ಬೋನಸ್ಸು ಮತ್ತು ವಿಭಜನೆಗಳಿಂದ, 2018ರ ವೇಳೆಗೆ 1,02,400 ಷೇರುಗಳಾಗಿದ್ದವು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಕಂಪೆನಿಯ ಷೇರು ಕೊಂಡು ಕುಳಿತವರ ಕಥೆಯನ್ನು ಯಾರೂ ಹೇಳುವುದಿಲ್ಲ. ದೇವನಹಳ್ಳಿಯ ಮೇಲೆ ಹಾರುತ್ತಿದ್ದ ಅದರ ಕೆಂಪು ವಿಮಾನಗಳು 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿದವು, ಮತ್ತೆ ಏಳಲಿಲ್ಲ. ಎರಡರಲ್ಲಿ ಯಾವುದು ಯಾವುದೆಂದು ಮೊದಲೇ ಹೇಳಬಲ್ಲವರು ವಿರಳ. ಅದಕ್ಕಾಗಿಯೇ ಹೊಸಬರಿಗೆ ಸೂಚ್ಯಂಕ ನಿಧಿಗಳು ಹೆಚ್ಚು ಒಗ್ಗುತ್ತವೆ. ನಿಫ್ಟಿಯ ಐವತ್ತು ದೊಡ್ಡ ಕಂಪೆನಿಗಳಲ್ಲಿ ಒಂದೊಂದು ಚೂರನ್ನು ಒಟ್ಟಿಗೆ ಕೊಂಡಂತೆ ಅದು. ತಿಂಗಳಿಗೆ 500 ರೂಪಾಯಿಯಿಂದಲೂ ಹಾಕಬಹುದು. ಚೀಟಿಯ ಕಂತು ಕಟ್ಟಿ ಅಭ್ಯಾಸವಿರುವ ಗೃಹಿಣಿಗೆ ಇದರ ಶಿಸ್ತನ್ನು ಯಾರೂ ಕಲಿಸಬೇಕಾಗಿಲ್ಲ. ಚೀಟಿಯಲ್ಲಿ ಕೂಗುವ ಸರದಿ ಇರುತ್ತದೆ, ಇಲ್ಲಿ ಇಲ್ಲ ಎಂಬುದಷ್ಟೇ ವ್ಯತ್ಯಾಸ.

ಇನ್ನು ಮೋಸದ ಮಾತು. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿ, ಹೆಸರಾಂತ ಸಂಸ್ಥೆಯ ವೇಷದ ಖೊಟ್ಟಿ ಆ್ಯಪ್ ಕೊಟ್ಟು, ಪರದೆಯ ಮೇಲೆ ಹುಸಿ ಲಾಭ ತೋರಿಸಿ ಹಣ ಲಪಟಾಯಿಸುವವರು ಹೆಚ್ಚಿದ್ದಾರೆ. ಪರೀಕ್ಷೆ ಸುಲಭ: ಸೆಬಿಯ ನೋಂದಣಿ ಸಂಖ್ಯೆಯನ್ನು ಸೆಬಿಯ ತಾಣದಲ್ಲೇ ನೋಡಬೇಕು. ಯಾವುದೋ ವ್ಯಕ್ತಿಯ ಖಾತೆಗೆ ಹಣ ಕಳುಹಿಸಿರೆಂದರೆ ಅಲ್ಲಿಗೇ ನಿಲ್ಲಿಸಬೇಕು. ನೋಂದಾಯಿತ ಸಂಸ್ಥೆಗಳಿಗೆಂದು 2025ರ ಅಕ್ಟೋಬರಿನಿಂದ ‘ವ್ಯಾಲಿಡ್’ ಎಂಬ ಶಬ್ದವುಳ್ಳ ಪ್ರತ್ಯೇಕ ಯು.ಪಿ.ಐ. ವಿಳಾಸಗಳು ಬಂದಿವೆ. ನೋಂದಾಯಿತರಲ್ಲೂ ಕಣ್ಣಿಟ್ಟಿರಬೇಕೆಂಬುದಕ್ಕೆ ಹೈದರಾಬಾದಿನ ಕಾರ್ವಿ ಸಂಸ್ಥೆ ನಿದರ್ಶನ. ಗ್ರಾಹಕರ ಷೇರುಗಳನ್ನು ಅಡವಿಟ್ಟು ಸಾಲ ತೆಗೆದುದಕ್ಕಾಗಿ 2019ರ ನವೆಂಬರಿನಲ್ಲಿ ಸೆಬಿ ಅದರ ಮೇಲೆ ನಿರ್ಬಂಧ ಹೇರಿತು. ಉಗ್ರಾಣದಿಂದ ನೇರವಾಗಿ ಇ-ಮೇಲಿಗೆ ಬರುವ ಲೆಕ್ಕಪತ್ರವನ್ನು ಆ್ಯಪಿನ ಲೆಕ್ಕದೊಡನೆ ತಾಳೆ ನೋಡುವ ಅಭ್ಯಾಸವಿದ್ದರೆ ಇಂಥದು ಬೇಗ ಕಣ್ಣಿಗೆ ಬೀಳುತ್ತದೆ.

ಕೊನೆಯದಾಗಿ ಮನೆಯವರ ವಿಷಯ. ಮೊಬೈಲಿನೊಳಗಿನ ಆಸ್ತಿ ಮನೆಯ ಇತರರ ಕಣ್ಣಿಗೆ ಕಾಣುವುದಿಲ್ಲ. ಖಾತೆಗೆ ನಾಮಿನಿಯನ್ನು ಸೂಚಿಸಬೇಕು. ಯಾವ ಆ್ಯಪು, ಯಾವ ಉಗ್ರಾಣ, ಖಾತೆಯ ಸಂಖ್ಯೆಯೇನು ಎಂಬುದನ್ನು ಬರೆದು ಮನೆಯ ಕಾಗದಪತ್ರಗಳ ಜೊತೆಯಲ್ಲಿಡಬೇಕು. ಏಳು ವರ್ಷ ಒಂದೇ ಸಮನೆ ಲಾಭಾಂಶವನ್ನು ಯಾರೂ ಪಡೆಯದಿದ್ದರೆ ಆ ಹಣವೂ ಷೇರುಗಳೂ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ತಾತನ ಟ್ರಂಕಿನಲ್ಲಿ ಹಳೆಯ ಷೇರುಪತ್ರಗಳು ಸಿಕ್ಕಿದರೂ ಎಸೆಯಬೇಕಾಗಿಲ್ಲ. ಕಾಗದದ ಷೇರನ್ನು ಹಾಗೆಯೇ ಇನ್ನೊಬ್ಬರಿಗೆ ಮಾರಿ ವರ್ಗಾಯಿಸುವುದು 2019ರ ಏಪ್ರಿಲ್ 1ರಿಂದ ನಿಂತಿದೆ. ಆದರೆ ವಾರಸುದಾರರು ದಾಖಲೆ ತೋರಿಸಿ, ಆ ಕಂಪೆನಿಯ ಷೇರು ದಾಖಲಾತಿ ಕಚೇರಿಗೆ ಬರೆದು, ತಮ್ಮ ಡಿಮ್ಯಾಟ್ ಖಾತೆಗೆ ಪಡೆಯಬಹುದು. ನಿಧಿಗೆ ಹೋಗಿಬಿಟ್ಟಿದ್ದರೂ ಅದರ ತಾಣದಲ್ಲಿ ಅರ್ಜಿ ತುಂಬಿ, ಮೂಲ ಪತ್ರಗಳನ್ನು ಕಂಪೆನಿಯ ಅಧಿಕಾರಿಗೆ ಕಳುಹಿಸಿ ಮರಳಿ ಕೇಳಬಹುದು. ಅರ್ಜಿಗೆ ಶುಲ್ಕವಿಲ್ಲ.